ಅಡಿಕೆ ಸುಲಿಯುವ ಯಂತ್ರದ ಅಂಗಡಿಯ ವೆಬ್‌ಸೈಟ್ ರಿಪೇರಿ: ಕೆಲಸದ ದಾಖಲೆ

ಸಾಗರದ ಕಡೆಯ ಒಂದು ಅಂಗಡಿ. ಅಡಿಕೆ ಸುಲಿಯುವ ಯಂತ್ರ ಮಾರುತ್ತಾರೆ, ರಿಪೇರಿ ಮಾಡುತ್ತಾರೆ, ಬಿಡಿಭಾಗ ಕೊಡುತ್ತಾರೆ. ಸೈಟು ಮೊದಲೇ ಇತ್ತು. ನೋಡಿದವರೆಲ್ಲ ಚಂದ ಇದೆ ಅಂದಿದ್ದರು. ಆದರೆ ಅದರಿಂದ ಒಂದು ಬೆಲ್ಟ್ ಕೂಡ ಮಾರಾಟವಾದ ನೆನಪು ಮಾಲೀಕರಿಗಿಲ್ಲ. ರಿಪೇರಿ ಕೆಲಸ ನನಗೆ ಬಂತು. ಮಾಡಿದ್ದನ್ನು, ಕೆಟ್ಟದ್ದನ್ನು ಕ್ರಮವಾಗಿ ಬರೆದಿಡುತ್ತಿದ್ದೇನೆ. ಸಣ್ಣ ಊರುಗಳ ಅಂಗಡಿಗಳಿಗೆ ಸೈಟು ಮಾಡಿಕೊಡುವವರಿಗೆ ಉಪಯೋಗ ಆಗಬಹುದು.

ಬಳಸಿದ ಸಾಮಾನು: ಒಂದು ಲ್ಯಾಪ್‌ಟಾಪ್, 3 ಜಿಬಿ ರ್‍ಯಾಮ್‌ನ ಹಳೆಯ ಆಂಡ್ರಾಯ್ಡ್ ಫೋನ್, ಒಂದು ಕೀಪ್ಯಾಡ್ ಫೋನ್, ಹೊಸ ಸಿಮ್, ಸ್ಟೀಲ್ ಸ್ಕೇಲು, 200 ಪುಟದ ನೋಟ್‌ಬುಕ್. ಕೊನೆಗೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ನೋಟ್‌ಬುಕ್.

ಹಂತ 1: ಕಂಪ್ಯೂಟರ್ ಮುಟ್ಟುವ ಮೊದಲು

ಸೈಟಿನಿಂದ ನಿಮಗೆ ಏನಾಗಬೇಕು ಅಂತ ಮಾಲೀಕರನ್ನು ಕೇಳಿದೆ. "ನಾಲ್ಕು ಜನ ನೋಡಿದರೆ ದೊಡ್ಡ ಅಂಗಡಿ ಅನ್ನಿಸಬೇಕು" ಅಂದರು. ಈ ಉತ್ತರ ಹಿಡಿದುಕೊಂಡು ಹೊರಟರೆ ಹಳೆಯ ಸೈಟೇ ಮತ್ತೆ ಹುಟ್ಟುತ್ತದೆ. ಹಾಗಾಗಿ ಪ್ರಶ್ನೆ ಬದಲಿಸಿದೆ. ವರ್ಷದಲ್ಲಿ ಯಾವ ತಿಂಗಳು ತಲೆಬಿಸಿ? ಯಾವ ತಿಂಗಳು ಸುಮ್ನೆ ಕೂತು ಸಂಬಳ ಕೊಡುತ್ತೀರಿ? ಯಾವ ಸಾಮಾನು ವಾಪಸ್ ಬರುತ್ತದೆ?

ಆಗ ನಿಜವಾದ ವಿಷಯ ಹೊರಬಂತು. ದೀಪಾವಳಿ ಸುತ್ತಮುತ್ತ ಕೊಯ್ಲು ಶುರುವಾದ ಕೂಡಲೇ ಎಲ್ಲರ ಯಂತ್ರವೂ ಒಟ್ಟಿಗೆ ಕೆಡುತ್ತದೆ. ನಿಜಕ್ಕೂ ಕೆಡುವುದು ಆಗ ಅಲ್ಲ, ಕೆಟ್ಟಿದ್ದು ಗೊತ್ತಾಗುವುದು ಆಗ. ಹಿಂದಿನ ವರ್ಷ ಒರೆಸದೇ ಇಟ್ಟ ಬ್ಲೇಡಿಗೆ ಚೊಗರು ಅಂಟಿ ತುಕ್ಕು ಹಿಡಿದಿರುತ್ತದೆ. ಮಳೆಗಾಲದಲ್ಲಿ ಇಲಿ ವೈರು ಕಡಿದಿರುತ್ತದೆ. ಹಸಿ ಅಡಿಕೆ ಕಾಯುವುದಿಲ್ಲ, ರೈತರಿಗೂ ಕಾಯಲು ಆಗುವುದಿಲ್ಲ. ಅದೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಬ್ಬರು ಮೆಕ್ಯಾನಿಕ್‌ಗಳಿಗೆ ಕೆಲಸವೇ ಇರುವುದಿಲ್ಲ. ಇನ್ನೊಂದು ತಾಪತ್ರಯ: ಪಾರ್ಸೆಲ್ ಕಳಿಸಿದ ಬೆಲ್ಟು, ಬೇರಿಂಗು ಅಳತೆ ಸರಿ ಇಲ್ಲ ಅಂತ ವಾಪಸ್ ಬರುತ್ತಿತ್ತು.

ಆಮೇಲೆ ಅಂಗಡಿಯ ಫೋನಿನ ಪಕ್ಕ ಕೂತು ಬಂದ ಕರೆಗಳನ್ನೆಲ್ಲ ಬರೆದುಕೊಂಡೆ. ಹೆಚ್ಚಿನವು ಇಷ್ಟರಲ್ಲೇ ಮುಗಿಯುತ್ತವೆ: ಮನೆ ಮೀಟರಿನ ಸಿಂಗಲ್ ಫೇಸ್‌ನಲ್ಲಿ ನಡೆಯುತ್ತದಾ, ರೇಟ್ ಎಷ್ಟು, ಬ್ಲೇಡ್ ಇದೆಯಾ, ಮನೆಗೇ ಬಂದು ರಿಪೇರಿ ಮಾಡುತ್ತೀರಾ, ಸಬ್ಸಿಡಿ ಇದೆಯಾ, ಭಾನುವಾರ ಬಾಗಿಲು ತೆಗೆದಿರುತ್ತದಾ. ಹಳೆಯ ಸೈಟಿನಲ್ಲಿ ಇವುಗಳಲ್ಲಿ ಒಂದಕ್ಕೂ ಉತ್ತರ ಇರಲಿಲ್ಲ. "ನಮ್ಮ ಧ್ಯೇಯ" ಅಂತ ಒಂದು ಪುಟ ಮಾತ್ರ ಇತ್ತು.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮೂರು ಸಾಲು ಬರೆದು ಇಬ್ಬರೂ ಒಪ್ಪಿಕೊಂಡೆವು. ದಸರಾ ಒಳಗೆ ಸರ್ವಿಸ್‌ಗೆ ಬರುವ ಯಂತ್ರಗಳು ಜಾಸ್ತಿ ಆಗಬೇಕು. ವಾಪಸ್ ಬರುವ ಬಿಡಿಭಾಗ ಕಡಿಮೆ ಆಗಬೇಕು. ಒಂದೇ ಪ್ರಶ್ನೆಯ ಕರೆಗಳು ಕಡಿಮೆ ಆಗಬೇಕು.

ಹೊಸ ಯಂತ್ರದ ಮಾರಾಟವನ್ನು ಬೇಕೆಂದೇ ಬಿಟ್ಟೆವು. ಅಷ್ಟು ದುಡ್ಡಿನ ಯಂತ್ರವನ್ನು ಯಾರೂ ಫೋಟೋ ನೋಡಿ ಕೊಳ್ಳುವುದಿಲ್ಲ. ಪಕ್ಕದ ಮನೆಯಲ್ಲಿ ಓಡುವುದನ್ನು ನೋಡುತ್ತಾರೆ, ಸುಲಿದ ಅಡಿಕೆ ಕೈಯಲ್ಲಿ ಹಿಡಿದು ಗಾಯ ಆಗಿದೆಯಾ ಅಂತ ನೋಡುತ್ತಾರೆ, ಆಮೇಲೆ ಬರುತ್ತಾರೆ. ಆ ಕೆಲಸ ಸೈಟಿನಿಂದ ಆಗುವಂಥದ್ದಲ್ಲ.

ಹಂತ 2: ಹಳೆಯ ಸೈಟಿನ ತಪಾಸಣೆ

ಕ್ರೋಮ್‌ನ ಡೆವಲಪರ್ ಟೂಲ್ಸ್ ತೆರೆದು ನೆಟ್‌ವರ್ಕ್ ಪಟ್ಟಿ ನೋಡಿದೆ. ಮೊದಲ ಪುಟವೇ 17 ಎಂಬಿ. ಅದರಲ್ಲಿ ಮುಕ್ಕಾಲು ಪಾಲು ಡ್ರೋನಿನಲ್ಲಿ ತೆಗೆದ ತೋಟದ ವಿಡಿಯೋ. ಅದರ ಕೆಳಗೆ ತಾನಾಗಿಯೇ ತಿರುಗುವ ಐದು ಚಿತ್ರ. ಪುಟದ ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಎಲ್‌ಸಿಪಿ, ಅಂದರೆ ಪರದೆಯ ಮುಖ್ಯ ಅಂಶ ಮೂಡಲು ಹಿಡಿಯುವ ಸಮಯ, 11 ಸೆಕೆಂಡ್. 2.5 ಸೆಕೆಂಡ್ ಒಳಗಿದ್ದರೆ ಗೂಗಲ್ ಚೆನ್ನಾಗಿದೆ ಅನ್ನುತ್ತದೆ, 4 ದಾಟಿದರೆ ಕಳಪೆ. ಹಳೆಯ ಫೋನ್ ಹಿಡಿದು ಸಿಗ್ನಲ್ ಒಂದೇ ಕಡ್ಡಿ ಇರುವ ಜಾಗಕ್ಕೆ ಹೋಗಿ ತೆರೆದೆ. ಬಿಳಿ ಪರದೆ ಬಿಟ್ಟು ಬೇರೇನೂ ಬರಲಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಕನ್ನಡದ ಬರಹವೆಲ್ಲ ನುಡಿಯಲ್ಲಿ ಟೈಪ್ ಮಾಡಿ ಚಿತ್ರವಾಗಿ ಅಂಟಿಸಿದ್ದು. ಗೂಗಲ್ ಕಣ್ಣಿಗೆ ಅಲ್ಲಿ ಓದಲು ಪಠ್ಯವೇ ಇಲ್ಲ. ಫೋನ್ ನಂಬರ್ ಕೂಡ ಚಿತ್ರದೊಳಗೆ. ಒತ್ತಿದರೆ ಕರೆ ಹೋಗುವುದಿಲ್ಲ, ಕಾಪಿಯೂ ಆಗುವುದಿಲ್ಲ. ಸಂಪರ್ಕದ ಫಾರಂ ತುಂಬಿದರೆ ಮೇಲ್ ಹೋಗುತ್ತಿದ್ದ ಖಾತೆಯ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಬಿಡಿಸಿ ನೋಡಿದರೆ ಅಲ್ಲಿ ಒಂದಷ್ಟು ನಿಜವಾದ ವಿಚಾರಣೆಗಳು ಕೊಳೆಯುತ್ತಿದ್ದವು. ಎರಡು ಹಂಗಾಮು ಹಳೆಯವು.

ಇದನ್ನು ಮಾಡಿಕೊಟ್ಟವರು 45,000 ತೆಗೆದುಕೊಂಡಿದ್ದರು, ಜೊತೆಗೆ ವರ್ಷಕ್ಕೆ 8,000 ನಿರ್ವಹಣೆ. ಮಾಲೀಕರು ಚಂದ ಮಾಡಿ ಅಂದರು, ಅವರು ಚಂದ ಮಾಡಿದರು. ಅವರನ್ನೊಬ್ಬರನ್ನೇ ಬೈದು ಪ್ರಯೋಜನ ಇಲ್ಲ.

ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ, ಜನ ಏನು ಹುಡುಕಿದಾಗ ಸೈಟು ಕಂಡಿತು ಅನ್ನುವ ಪದಗಳನ್ನು ನೋಡಿದೆ. ಬಹಳ ಜನ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಹುಡುಕಿದ್ದರು. ಕನ್ನಡ ಲಿಪಿಯಲ್ಲಿ ಪೂರ್ತಿ ವಾಕ್ಯದ ಹುಡುಕಾಟಗಳೂ ಇದ್ದವು, ಮೈಕ್ ಒತ್ತಿ ಮಾತಾಡಿದವರದು ಇರಬೇಕು. ಯಂತ್ರದ ಶಾಸ್ತ್ರೀಯ ಇಂಗ್ಲಿಷ್ ಹೆಸರು ಹಾಕಿ ಹುಡುಕಿದವರು ಕಡಿಮೆ. ಹಳೆಯ ಸೈಟಿನ ತಲೆಬರಹಗಳೆಲ್ಲ ಅದೇ ಇಂಗ್ಲಿಷ್ ಹೆಸರು.

ಹಂತ 3: ಮೊದಲ ಆವೃತ್ತಿ

ಡೇಟಾಬೇಸ್ ಬೇಡ ಅಂತ ನಿರ್ಧರಿಸಿ ಬರೀ ಎಚ್‌ಟಿಎಂಎಲ್ ಪುಟಗಳನ್ನು ಬರೆದೆ. ಉಚಿತ ಸ್ಟ್ಯಾಟಿಕ್ ಹೋಸ್ಟಿಂಗ್‌ನಲ್ಲಿ ಹಾಕಿದೆ. ಫೋಟೋಗಳನ್ನು ಸ್ಕ್ವೂಶ್ ಅನ್ನುವ ಚಿತ್ರ ಕುಗ್ಗಿಸುವ ಉಪಕರಣದಲ್ಲಿ ವೆಬ್‌ಪಿ ಅನ್ನುವ ಹಗುರ ನಮೂನೆಗೆ ಬದಲಿಸಿದೆ. ಫೋನಿನಲ್ಲಿ ತೆಗೆದ 5 ಎಂಬಿ ಫೋಟೋ 900 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ 70-80 ಕೆಬಿಗೆ ಬರುತ್ತದೆ. ಕನ್ನಡದ ವೆಬ್‌ಫಾಂಟ್ ಮೊದಲು ಹಾಕಿದ್ದೆ, ಆಮೇಲೆ ತೆಗೆದೆ. ಆಂಡ್ರಾಯ್ಡ್‌ನಲ್ಲಿ ನೋಟೋ ಕನ್ನಡ ಇದ್ದೇ ಇರುತ್ತದೆ. ಇರುವುದನ್ನು ಮತ್ತೆ ಯಾಕೆ ಇಳಿಸಿಕೊಳ್ಳಬೇಕು, ಅಲ್ವಾ? ಒಟ್ಟು ಪುಟ 300 ಕೆಬಿ ಒಳಗೆ ಬಂತು. ಎಲ್‌ಸಿಪಿ 1.6 ಸೆಕೆಂಡ್. ಪೇಜ್‌ಸ್ಪೀಡ್ ಅಂಕ 98.

98 ನೋಡಿ ಖುಷಿಯಿಂದ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದೆ. ಮಾಲೀಕರು "ಎಷ್ಟು ಸರ್ವಿಸ್ ಬಂತು?" ಅಂದರು. ಒಂದೂ ಬಂದಿರಲಿಲ್ಲ.

ಕಾರಣ ನಾನು ಹಾಕಿದ್ದ ಬುಕಿಂಗ್ ಫಾರಂ. ಹೆಸರು, ಊರು, ಮೊಬೈಲ್, ಯಂತ್ರದ ಮಾದರಿ, ಕೊಂಡ ವರ್ಷ, ತೊಂದರೆ, ಬೇಕಾದ ದಿನಾಂಕ. ಏಳು ಖಾನೆ. ನನಗೆ ಅದು ಚೊಕ್ಕ ಅನ್ನಿಸಿತ್ತು. ಪರಿಚಯದ ಒಬ್ಬ ರೈತರ ಕೈಗೆ ಫೋನ್ ಕೊಟ್ಟು ತುಂಬಿ ಅಂದೆ. ಮಾದರಿ ಖಾನೆಯಲ್ಲಿ ನಿಂತರು. ಯಂತ್ರದ ಮೇಲಿನ ಪಟ್ಟಿ ಉಜ್ಜಿ ಹೋಗಿದೆಯಂತೆ, ಮಾದರಿ ಅವರಿಗೆ ಗೊತ್ತಿಲ್ಲ. ಆ ಖಾನೆ ಕಡ್ಡಾಯ, ಬಿಟ್ಟರೆ ಮುಂದೆ ಹೋಗುವುದಿಲ್ಲ. "ಇದೆಲ್ಲ ಬೇಡ ಮಾರಾಯ, ಫೋಟೋ ಹೊಡೆದು ಕಳಿಸ್ತೀನಿ" ಅಂತ ಫೋನ್ ವಾಪಸ್ ಕೊಟ್ಟರು. ಅವತ್ತೇ ಫಾರಂ ಕಿತ್ತು ಹಾಕಿದೆ.

ವೇಗ ಬೇಡ ಅಂತಲ್ಲ. ಪುಟ ತೆರೆಯದಿದ್ದರೆ ಮುಂದಿನದು ಯಾವುದೂ ಇಲ್ಲ. ಆದರೆ ನೋಟ್‌ಬುಕ್ಕಿನ ಮೂರು ಸಾಲಿನಲ್ಲಿ ವೇಗ ಅನ್ನುವ ಸಾಲು ಇರಲಿಲ್ಲ. ನಾನೇ ಅದನ್ನು ನಾಲ್ಕನೆಯದಾಗಿ ಸೇರಿಸಿಕೊಂಡು, ಅದರಲ್ಲಿ ಪಾಸಾಗಿ ಬೀಗುತ್ತಿದ್ದೆ.

ಹಂತ 4: ವಾಟ್ಸಾಪ್ ಗುಂಡಿ, ಮತ್ತು ಸುಳ್ಳು ಹೇಳಿದ ಎಣಿಕೆ

ಫಾರಂ ಜಾಗಕ್ಕೆ ವಾಟ್ಸಾಪ್ ಕೊಂಡಿ ಹಾಕಿದೆ. ಒತ್ತಿದರೆ ಸಂದೇಶ ಮೊದಲೇ ತುಂಬಿರುತ್ತದೆ: "ಯಂತ್ರ ಸರ್ವಿಸ್ ಮಾಡಿಸಬೇಕು. ಊರು: ... ತೊಂದರೆ: ... (ಯಂತ್ರದ ಒಂದು ಫೋಟೋ ಕಳಿಸಿ)". ಇಲ್ಲಿ ಸಣ್ಣ ತಾಂತ್ರಿಕ ತೊಡಕು. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಯೂ ಯುಟಿಎಫ್-8ರಲ್ಲಿ 3 ಬೈಟ್. ಕೊಂಡಿಯೊಳಗೆ ಅದು ಪರ್ಸೆಂಟ್ ಗುರುತಿನ 9 ಅಕ್ಷರ ಆಗುತ್ತದೆ. ನಾಲ್ಕು ಸಾಲಿನ ಸಂದೇಶ ಮಾರುದ್ದದ ಕೊಂಡಿಯಾಯಿತು. ಕೈಯಿಂದ ತಿದ್ದುವಾಗ ನಡುವೆ ಒಂದು ಅಕ್ಷರ ಹಾರಿ ಸಂದೇಶವೆಲ್ಲ ಚೌಕ ಚೌಕವಾಗಿ ಬಂತು. ಈಗ ಕೈಯಿಂದ ತಿದ್ದುವುದಿಲ್ಲ. ಜಾವಾಸ್ಕ್ರಿಪ್ಟ್‌ನಿಂದಲೇ ಎನ್‌ಕೋಡ್ ಮಾಡಿಸಿ ಅಂಟಿಸುತ್ತೇನೆ.

ಹಸಿರು ಗುಂಡಿಯನ್ನು ಪರದೆಯ ಬಲಗಡೆ ಕೆಳಗೆ ಅಂಟಿಸಿದೆ, ಪುಟ ಜರುಗಿದರೂ ಅಲ್ಲೇ ಇರುವ ಹಾಗೆ. ಎಲ್ಲರೂ ಹಾಗೇ ಮಾಡುತ್ತಾರಲ್ಲ. ಗೂಗಲ್ ಅನಲಿಟಿಕ್ಸ್‌ನಲ್ಲಿ ಒತ್ತಿದ ಲೆಕ್ಕ ಸರ್ರನೆ ಏರಿತು. ಮೊದಲ ವಾರವೇ ಬೇಟೆ ಬಿತ್ತು ಅಂದುಕೊಂಡೆ. ಅಂಗಡಿಯ ವಾಟ್ಸಾಪ್ ತೆರೆದು ನೋಡಿದರೆ ಸಂದೇಶ ಬೆರಳೆಣಿಕೆ. ಹತ್ತು ಸಲ ಒತ್ತಿದರೆ ಒಂದು ಸಂದೇಶವೂ ಬಂದಿಲ್ಲ.

ಮೈಕ್ರೋಸಾಫ್ಟ್ ಕ್ಲಾರಿಟಿ ಹಾಕಿದೆ. ಉಚಿತ. ಜನ ಪುಟದಲ್ಲಿ ಹೇಗೆ ಓಡಾಡಿದರು ಅಂತ ರೆಕಾರ್ಡಿಂಗ್ ತೋರಿಸುತ್ತದೆ. ನೋಡುತ್ತಲೇ ಗೊತ್ತಾಯಿತು. ಬಲಗೈ ಹೆಬ್ಬೆರಳಿನಲ್ಲಿ ಪುಟ ಜರುಗಿಸುವ ಜಾಗದಲ್ಲೇ ಗುಂಡಿ ಕೂತಿದೆ. ತಪ್ಪಿ ತಾಗುತ್ತದೆ, ವಾಟ್ಸಾಪ್ ತೆರೆಯುತ್ತದೆ, ಜನ ಬೈದುಕೊಂಡು ಹಿಂದೆ ಬರುತ್ತಾರೆ. ಕೆಲವರು ಹಿಂದೆ ಬರುವುದೇ ಇಲ್ಲ.

ಗುಂಡಿ ಕಿತ್ತೆ. ಪ್ರತಿ ಪ್ರಶ್ನೆಯ ಉತ್ತರದ ಕೆಳಗೆ ಆ ಪ್ರಶ್ನೆಗೆ ತಕ್ಕ ಕೊಂಡಿ ಹಾಕಿದೆ. ಸಿಂಗಲ್ ಫೇಸ್ ಬಗ್ಗೆ ಓದಿದವರಿಗೆ "ನಿಮ್ಮ ಮೋಟಾರಿನ ಫೋಟೋ ಕಳಿಸಿ", ಬ್ಲೇಡ್ ಬಗ್ಗೆ ಓದಿದವರಿಗೆ "ಬ್ಲೇಡಿನ ಫೋಟೋ ಕಳಿಸಿ". ಒತ್ತುವ ಲೆಕ್ಕ ಅರ್ಧಕ್ಕಿಂತ ಕೆಳಗೆ ಬಿತ್ತು. ಸಂದೇಶ ಜಾಸ್ತಿಯಾಯಿತು. ಬರೀ ಅನಲಿಟಿಕ್ಸ್ ನೋಡುತ್ತಿದ್ದರೆ ಕೆಟ್ಟದ್ದನ್ನೇ ಇಟ್ಟುಕೊಂಡು ಒಳ್ಳೆಯದನ್ನು ತೆಗೆಯುತ್ತಿದ್ದೆ.

ಇನ್ನೊಂದು ಗಮನಿಸಿ. ಅನಲಿಟಿಕ್ಸ್‌ನ ಸುಧಾರಿತ ಅಳತೆ (ಎನ್‌ಹಾನ್ಸ್ಡ್ ಮೆಷರ್‌ಮೆಂಟ್) ಹೊರಗಿನ ಸೈಟಿಗೆ ಹೋಗುವ ಕೊಂಡಿಯನ್ನು ತಾನಾಗಿಯೇ ಎಣಿಸುತ್ತದೆ, ವಾಟ್ಸಾಪ್ ಅದರಲ್ಲಿ ಬರುತ್ತದೆ. ಫೋನ್ ಕರೆಯ ಕೊಂಡಿ ಬರುವುದಿಲ್ಲ. ಅದಕ್ಕೆ ಟ್ಯಾಗ್ ಮ್ಯಾನೇಜರ್‌ನಲ್ಲಿ ಬೇರೆಯಾಗಿ ನಿಯಮ ಬರೆಯಬೇಕು.

ಹಂತ 5: ಕೀಪ್ಯಾಡ್ ಫೋನು

ನಮ್ಮ ಕಡೆ ವ್ಯವಹಾರ ಮುಗಿಯುವುದು ಮಾತಿನಲ್ಲಿ. ಯಾವ ಕರೆ ಸೈಟಿನಿಂದ ಬಂತು, ಯಾವುದು ಮಂಡಿಯಲ್ಲಿ ಸಿಕ್ಕಿದವರಿಂದ ಬಂತು ಅಂತ ತಿಳಿಯಬೇಕಲ್ಲ. ದುಬಾರಿ ಸಾಫ್ಟ್‌ವೇರ್ ಬದಲು 1,400 ರೂಪಾಯಿಯ ಕೀಪ್ಯಾಡ್ ಫೋನು, ಒಂದು ಹೊಸ ಸಿಮ್. ಆ ನಂಬರ್ ಸೈಟಿನಲ್ಲಿ ಮಾತ್ರ. ಬೋರ್ಡಿನಲ್ಲಿ, ಬಿಲ್ಲಿನಲ್ಲಿ ಹಳೆಯದೇ. ಆ ಫೋನ್ ಬಾರಿಸಿದರೆ ಸೈಟಿನ ಕರೆ.

ಪೂರ್ತಿ ಸರಿಯಲ್ಲ. ಒಬ್ಬರು ಸೈಟಿನಿಂದ ತೆಗೆದ ನಂಬರನ್ನು ಕೇರಿಗೆಲ್ಲ ಹಂಚುತ್ತಾರೆ. ಹಾಗಾಗಿ ಫೋನ್ ಎತ್ತಿದವರು "ನಂಬರ್ ಎಲ್ಲಿ ಸಿಕ್ತು?" ಅಂತ ಒಂದು ಮಾತು ಕೇಳಿ ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಾರೆ. ಖಾನೆ ಮೂರೇ: ಏನು ಕೇಳಿದರು, ನಂಬರ್ ಎಲ್ಲಿ ಸಿಕ್ಕಿತು, ಬಿಲ್ ಆಯಿತಾ. ಮೊದಲು ಆರು ಖಾನೆ ಹಾಕಿಕೊಟ್ಟಿದ್ದೆ, ಗ್ರೀಸ್ ಕೈಯಲ್ಲಿ ಯಾರೂ ತುಂಬಲಿಲ್ಲ. ಫಾರಂನಲ್ಲಿ ಕಲಿತದ್ದನ್ನು ನೋಟ್‌ಬುಕ್ಕಿನಲ್ಲಿ ಮರೆತಿದ್ದೆ.

ಎ/ಬಿ ಪರೀಕ್ಷೆ, ಅಂದರೆ ಅರ್ಧ ಜನಕ್ಕೆ ಒಂದು ಪುಟ, ಉಳಿದರ್ಧಕ್ಕೆ ಇನ್ನೊಂದು ಪುಟ ತೋರಿಸಿ ಹೋಲಿಸುವುದು, ಯಾಕೆ ಮಾಡಲಿಲ್ಲ ಅಂತ ಒಬ್ಬ ಗೆಳೆಯ ಕೇಳಿದ. ದಿನಕ್ಕೆ ಕೆಲವೇ ಕೆಲವು ಜನ ಬರುವ ಸೈಟು. ಅವರನ್ನು ಎರಡು ಪಾಲು ಮಾಡಿದರೆ ಸಿಗುವ ವ್ಯತ್ಯಾಸ ಬರೀ ಅದೃಷ್ಟದ್ದು. ನಂಬುವಷ್ಟು ಸಂಖ್ಯೆ ಸೇರುವ ಹೊತ್ತಿಗೆ ಹಂಗಾಮೇ ಮುಗಿದಿರುತ್ತದೆ.

ಹಂತ 6: ಬಿಡಿಭಾಗದ ಪುಟ

ಇಲ್ಲಿ ಅತಿ ಕಡಿಮೆ ವಿನ್ಯಾಸ, ಅತಿ ಹೆಚ್ಚು ಲಾಭ.

ಹಳೆಯ ಸೈಟಿನಲ್ಲಿ ಬಿಳಿ ಹಿನ್ನೆಲೆಯಲ್ಲಿ ಹೊಳೆಯುವ ಬೆಲ್ಟಿನ ಚಿತ್ರ ಇತ್ತು. ಅದನ್ನು ನೋಡಿ ಯಾರಿಗೂ ಅಳತೆ ಗೊತ್ತಾಗುವುದಿಲ್ಲ. ನಾನು ಗ್ಯಾರೇಜಿನ ಮೇಜಿನ ಮೇಲೆ ಸ್ಟೀಲ್ ಸ್ಕೇಲಿಟ್ಟು ಅದರ ಪಕ್ಕ ಒಂದೊಂದೇ ಭಾಗ ಇಟ್ಟು ಫೋಟೋ ತೆಗೆದೆ. ಹಳತು, ಎಣ್ಣೆ ಮೆತ್ತಿದ್ದು. ರೈತರ ಕೈಯಲ್ಲಿರುವುದೂ ಹಾಗೇ ಇರುತ್ತದೆ.

ಕೆಳಗೆ ನಾಲ್ಕು ಸಾಲು ವಿವರ. ಬೆಲ್ಟಿನ ಹೊರಮೈಯಲ್ಲಿ ಬಿ-52 ಅಂತ ಇರುತ್ತದೆ. ಬಿ ಅಂದರೆ ಮೇಲ್ಭಾಗದ ಅಗಲ 17 ಮಿ.ಮೀ., ಎ ಆದರೆ 13. 52 ಅಂದರೆ ಒಳಸುತ್ತು ಇಂಚಿನಲ್ಲಿ. ಅಕ್ಷರ ಅಳಿಸಿದ್ದರೆ ಅಗಲವನ್ನು ಸ್ಕೇಲಿನಲ್ಲಿ ಅಳೆಯಿರಿ, ಒಳಸುತ್ತಿಗೆ ಒಂದು ದಾರ ಸುತ್ತಿ ಅಳೆಯಿರಿ. ಬೇರಿಂಗಿನ ಅಂಚಿನಲ್ಲಿ 6204 ಅಥವಾ 6205 ಅಂತ ಇರುತ್ತದೆ. ಮೊದಲನೆಯದಕ್ಕೆ 20 ಮಿ.ಮೀ. ಶಾಫ್ಟು, ಎರಡನೆಯದಕ್ಕೆ 25. ವಾಪಸ್ ಬರುತ್ತಿದ್ದುದರಲ್ಲಿ ಬಹುಪಾಲು ಈ ಎರಡರ ಗೊಂದಲವೇ.

ಇಲ್ಲೂ ಒಂದು ಎಡವಟ್ಟು. ನೇರವಾಗಿ ಆರ್ಡರ್ ಮಾಡಿ ಯುಪಿಐಯಲ್ಲಿ ದುಡ್ಡು ಕಟ್ಟಲು ಕ್ಯೂಆರ್ ಚಿತ್ರ ಹಾಕಿದ್ದೆ. ಜನ ಸೈಟು ನೋಡುವುದು ಫೋನಿನಲ್ಲಿ. ಅದೇ ಫೋನಿನ ಪರದೆಯ ಮೇಲಿನ ಕ್ಯೂಆರನ್ನು ಅದೇ ಫೋನಿನ ಕ್ಯಾಮೆರಾ ಹಿಡಿದು ಸ್ಕ್ಯಾನ್ ಮಾಡುವುದು ಹೇಗೆ? ಜೊತೆಗೆ ಕೆಲವರು ಅಳತೆ ಕಳಿಸುವ ಮೊದಲೇ ದುಡ್ಡು ಹಾಕಿಬಿಟ್ಟರು, ಅದನ್ನು ಹಿಂದಿರುಗಿಸುವ ಕೆಲಸ ಬೇರೆ. ಕ್ಯೂಆರ್ ತೆಗೆದೆವು. ಈಗ ಫೋಟೋ ಬರುತ್ತದೆ, ಮೆಕ್ಯಾನಿಕ್ ನೋಡಿ ಹೌದು ಅಂದಮೇಲೆ ದುಡ್ಡಿನ ಮಾತು. ಒಂದು ಹೆಜ್ಜೆ ಜಾಸ್ತಿಯಾಯಿತು. ವಾಪಸ್ ಬರುವ ಪಾರ್ಸೆಲ್ ಹೆಚ್ಚುಕಡಿಮೆ ನಿಂತಿತು. ಆನ್‌ಲೈನ್ ಮಾರಾಟದಲ್ಲಿ ಹೆಜ್ಜೆ ಕಡಿಮೆ ಮಾಡಬೇಕು ಅಂತ ಎಲ್ಲರೂ ಹೇಳುತ್ತಾರೆ. ಈ ಅಂಗಡಿಗೆ ಒಂದು ಹೆಜ್ಜೆ ಸೇರಿಸಿದ್ದೇ ಸರಿಯಾಯಿತು.

ಹಂತ 7: ಮಳೆಗಾಲದ ತಲೆಬರಹ

ಮೊದಲ ಸಾಲು ಇದೇ ಆಗಿತ್ತಲ್ಲ, ದಸರಾ ಒಳಗೆ ಯಂತ್ರ ಬರಬೇಕು. ಮೇ ಕೊನೆಗೆ ಮುಖಪುಟದ ತಲೆಬರಹ ಬದಲಿಸಿದೆ: "ಮಳೆಗಾಲದಲ್ಲಿ ಸರ್ವಿಸ್ ಮಾಡಿಸಿ, ಮಜೂರಿಯಲ್ಲಿ 300 ರೂಪಾಯಿ ಕಡಿಮೆ". ಯಾರೂ ಅಲುಗಲಿಲ್ಲ. ಯಂತ್ರವನ್ನು ಪಿಕಪ್ ಗಾಡಿಗೆ ಹೇರಿ ತರುವ ಬಾಡಿಗೆಯ ಮುಂದೆ 300 ಯಾವ ಲೆಕ್ಕ.

ನೋಟ್‌ಬುಕ್ ತಿರುವಿ ಹಾಕಿದಾಗ ಉತ್ತರ ಸಿಕ್ಕಿತು. "ಮನೆಗೇ ಬರ್ತೀರಾ?" ಅನ್ನುವುದು ಮತ್ತೆ ಮತ್ತೆ ಇತ್ತು. ಮಾಲೀಕರ ಜೊತೆ ಕೂತು ವಾರದ ದಿನಗಳನ್ನು ಹಂಚಿದೆವು. ಸೋಮವಾರ ತಾಳಗುಪ್ಪ ಕಡೆ, ಬುಧವಾರ ಆನಂದಪುರ ಕಡೆ, ಶುಕ್ರವಾರ ಆವಿನಹಳ್ಳಿ ಕಡೆ. ಮೆಕ್ಯಾನಿಕ್ ಬೈಕಿನಲ್ಲಿ ಉಪಕರಣ ಹಾಕಿಕೊಂಡು ಹೋಗಿ ಒಂದೇ ದಿಕ್ಕಿನ ನಾಲ್ಕಾರು ಮನೆ ಮುಗಿಸುತ್ತಾನೆ. ತಲೆಬರಹ ಹೀಗಾಯಿತು: "ಬುಧವಾರ ಆನಂದಪುರ ಕಡೆ ಬರುತ್ತೇವೆ. ದಸರಾ ಆದಮೇಲೆ ಎರಡು ವಾರ ಕಾಯಬೇಕಾದೀತು." ಎರಡನೆಯ ವಾಕ್ಯ ಬೇಡ, ಹೆದರಿಸಿದ ಹಾಗಾಗುತ್ತದೆ ಅಂತ ಮಾಲೀಕರು ಹೇಳಿದರು. ನಿಜ ತಾನೇ ಅಂದೆ. ಇಟ್ಟರು.

ಮೊದಲು ದಿನಾಂಕ ಸಮೇತ ಪಟ್ಟಿ ಹಾಕಿದ್ದೆ, ಗೂಗಲ್ ಶೀಟಿನಿಂದ ತಾನಾಗಿ ಬರುವ ಹಾಗೆ. ಮಳೆ ಜೋರಾದಾಗ ಹೋಗುವುದು ತಪ್ಪುತ್ತಿತ್ತು, ಶೀಟ್ ಯಾರೂ ತಿದ್ದುತ್ತಿರಲಿಲ್ಲ. ಹಳೆಯ ದಿನಾಂಕ ಕಂಡರೆ ಅಂಗಡಿ ಮುಚ್ಚಿದೆ ಅಂತಲೇ ಜನ ತಿಳಿಯುತ್ತಾರೆ. ಈಗ ಸೈಟಿನಲ್ಲಿ ದಿನಾಂಕ ಇಲ್ಲ, ಸೋಮವಾರ, ಬುಧವಾರ ಅಂತ ವಾರದ ಹೆಸರು ಮಾತ್ರ. ರದ್ದಾದರೆ ಅಂಗಡಿಯ ಹುಡುಗ ವಾಟ್ಸಾಪ್ ಸ್ಟೇಟಸ್ ಹಾಕುತ್ತಾನೆ. ಅದು ಅವನಿಗೆ ಹೇಳಿಕೊಡಬೇಕಾದ ಕೆಲಸವೇ ಅಲ್ಲ.

ಹಂತ 8: ಲೆಕ್ಕ

ಅಳತೆಗೋಲು ಬಿಲ್ ಪುಸ್ತಕ. ಕಳೆದ ವರ್ಷದ ಜೂನ್‌ನಿಂದ ದಸರಾವರೆಗಿನ ಸರ್ವಿಸ್ ಬಿಲ್‌ಗಳನ್ನು ಈ ವರ್ಷದ್ದಕ್ಕೆ ಹೋಲಿಸಿದೆವು. ಸುಮಾರು ಒಂದೂವರೆ ಪಟ್ಟು. ಇದಿಷ್ಟೂ ಸೈಟಿನ ಸಾಧನೆ ಅಂದರೆ ಸುಳ್ಳಾಗುತ್ತದೆ. ಇದೇ ವರ್ಷ ಮಾಲೀಕರು ಹಳೆಯ ಗಿರಾಕಿಗಳಿಗೆ ತಾವೇ ಕರೆ ಮಾಡಿದ್ದರು. ಮನೆಗೇ ಹೋಗುವ ಸೌಲಭ್ಯವೂ ಹೊಸದು. ನೋಟ್‌ಬುಕ್ಕಿನ ಪ್ರಕಾರ ಹೆಚ್ಚಿದ ಭಾಗದಲ್ಲಿ ಮೂರರಲ್ಲಿ ಒಂದು ಪಾಲು ಕೀಪ್ಯಾಡ್ ಫೋನಿನಿಂದ ಮತ್ತು ಸೈಟಿನ ವಾಟ್ಸಾಪ್‌ನಿಂದ. ಅಷ್ಟನ್ನು ನಂಬಬಹುದು.

ಒಂದೇ ಪ್ರಶ್ನೆಯ ಕರೆಗಳು ಕಡಿಮೆ ಆಗಲಿಲ್ಲ. ಇದು ಸೋಲು. ಸಿಂಗಲ್ ಫೇಸ್ ಪ್ರಶ್ನೆಗೆ ಸೈಟಿನಲ್ಲಿ ಉತ್ತರ ಓದಿದವರೂ ಕರೆ ಮಾಡಿ ಮತ್ತೊಮ್ಮೆ ಕೇಳುತ್ತಾರೆ. ಬಹುಶಃ ದನಿ ಕೇಳಿದರೆ ಮಾತ್ರ ನಂಬಿಕೆ. ರೇಟಿನ ಕರೆಗಳು ಮಾತ್ರ ಇಳಿದಿವೆ. ಸರ್ವಿಸ್ ಮಜೂರಿಯನ್ನು ಮುಚ್ಚುಮರೆ ಇಲ್ಲದೆ ಬರೆದದ್ದಕ್ಕೆ.

ಖರ್ಚು: ಡೊಮೇನ್ ವರ್ಷಕ್ಕೆ ಸುಮಾರು 800, ಹೋಸ್ಟಿಂಗ್ ಸೊನ್ನೆ, ಫೋನು 1,400, ಸಿಮ್ ರೀಚಾರ್ಜ್ ಬೇರೆ, ನೋಟ್‌ಬುಕ್ 60, ನನ್ನ ಮಜೂರಿ 18,000. ಹಳೆಯ 8,000ದ ವಾರ್ಷಿಕ ಒಪ್ಪಂದ ನಿಂತಿತು. ಡೊಮೇನ್ ಮಾಲೀಕರ ಹೆಸರಿನಲ್ಲೇ ಇರಲಿಲ್ಲ. ಅದನ್ನು ವರ್ಗಾಯಿಸಿಕೊಳ್ಳುವುದಕ್ಕೆ ಹಿಡಿದ ಹೊತ್ತು ಸೈಟು ಬರೆಯುವುದಕ್ಕಿಂತ ಜಾಸ್ತಿ. ಹಳೆಯ ಸೈಟಿನ ಕೆಲಸ ಹಿಡಿಯುವವರು ಇದನ್ನು ಮೊದಲ ದಿನವೇ ನೋಡಿಕೊಳ್ಳಿ.

ಬಾಕಿ ಕೆಲಸ

ಸಬ್ಸಿಡಿ ಪುಟ ಇನ್ನೂ ಅರ್ಧ. ಶೇಕಡಾವಾರು ಬರೆಯುವುದಿಲ್ಲ ಅಂತ ತೀರ್ಮಾನಿಸಿದ್ದೇವೆ. ಅದು ಬದಲಾಗುತ್ತದೆ, ತಪ್ಪಾದರೆ ಬೈಗುಳ ಅಂಗಡಿಗೆ. ಫ್ರೂಟ್ಸ್ ಐಡಿ (ರೈತರ ಸರ್ಕಾರಿ ನೋಂದಣಿ ಸಂಖ್ಯೆ), ಪಹಣಿ, ಆಧಾರ್, ಪಾಸ್‌ಬುಕ್ ಹಿಡಿದು ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ಮೊದಲು ವಿಚಾರಿಸಿ, ಆಮೇಲೆ ನಮ್ಮಲ್ಲಿ ಕೊಟೇಶನ್ ತೆಗೆದುಕೊಳ್ಳಿ ಅಂತಷ್ಟೇ ಇರುತ್ತದೆ.

ಸಿಂಗಲ್ ಫೇಸ್ ಪ್ರಶ್ನೆಗೆ ಮೆಕ್ಯಾನಿಕ್ಕೇ ಮಾತಾಡಿದ ಅರ್ಧ ನಿಮಿಷದ ಆಡಿಯೋ ಹಾಕಿ ನೋಡುವ ಯೋಚನೆ ಇದೆ. ದನಿ ಬೇಕು ಅಂತಾದರೆ ದನಿಯನ್ನೇ ಕೊಡೋಣ. 32 ಕೆಬಿಪಿಎಸ್ ಮೋನೋದಲ್ಲಿ 120 ಕೆಬಿ ಆಗುತ್ತದೆ, ಪುಟಕ್ಕೆ ಭಾರವಲ್ಲ. ಕರೆ ಇಳಿಯಿತೋ ಇಲ್ಲವೋ ಮುಂದಿನ ಹಂಗಾಮಿನಲ್ಲಿ ನೋಟ್‌ಬುಕ್ಕಿನ ಮೊದಲ ಖಾನೆಯಲ್ಲಿ ಗೊತ್ತಾಗುತ್ತದೆ.

ಡ್ರೋನ್ ವಿಡಿಯೋ ವಾಪಸ್ ಬೇಕು ಅಂತ ಮಾಲೀಕರ ಮಗ ಕೇಳುತ್ತಲೇ ಇದ್ದಾನೆ. ಯೂಟ್ಯೂಬಿಗೆ ಹಾಕಿ ಪುಟದ ತಳದಲ್ಲಿ ಒಂದು ಕೊಂಡಿ ಕೊಟ್ಟಿದ್ದೇನೆ. ಸದ್ಯ ಅದನ್ನು ಒತ್ತಿದವರಲ್ಲಿ ಬಹುಪಾಲು ಅವನೇ ಅಂತ ನನ್ನ ಗುಮಾನಿ.